ಒಣಗದ ಹಳದಿ

ಅತ್ತೆ ಇನ್ನೂ ಹಾಸಿಗೆ ಹಿಡಿದು ಮಲಗಿದ್ದಾಗಲೇ ಅವರ ಕೋಣೆಯ ಗೋಡೆಗೆ ಮೂರು ಬಣ್ಣ ಹಚ್ಚಿಸಿ ನೋಡಿದೆ. ಅವರು ಹೋದ ಮೇಲೆ ಕೋಣೆ ಮಗಳಿಗೆ ಎಂದುಕೊಂಡಿದ್ದೆ. ಅದು ಅವರಿಗೂ ಗೊತ್ತಿತ್ತು.

“ಯಾವುದು ಬಳಿಸ್ತೀಯಮ್ಮ?” ಎಂದರು.

“ಹಳದಿ, ಅತ್ತೆ. ನಿಮ್ಮ ಮೊಮ್ಮಗಳಿಗೆ ಅದೇ ಬೇಕಂತೆ.”

ಮಲಗಿದ್ದಲ್ಲಿಂದಲೇ ಕೈಚಾಚಿ ಹಳದಿಯ ಮೇಲೆ ಬೆರಳೊತ್ತಿದರು. “ಇನ್ನೂ ಒಣಗೇ ಇಲ್ಲ. ನಿಂಗೆ ಎಲ್ಲದಕ್ಕೂ ಅವಸರ.”

ಒಂಬತ್ತನೇ ದಿನ ತೀರಿಕೊಂಡರು. ತಿಂಗಳು ಕಳೆದು ಕೋಣೆಗೆಲ್ಲ ಹಳದಿ ಬಳಿಸಿದೆ. ಮಂಚವಿದ್ದ ಎತ್ತರದಲ್ಲಿ ಬೆರಳಗಲ ಜಾಗ ಮಾತ್ರ ತಣ್ಣಗೆ, ಹಸಿಯಾಗಿಯೇ ಉಳಿಯಿತು. ಪೇಂಟರ್ ಎರಡು ಸಲ ಕೆರೆದು ಬಳಿದ. “ಗೋಡೆಯೊಳಗೆ ನೀರಿಲ್ಲ ಅಕ್ಕ,” ಎಂದು ಹೋದವನು ಈಗ ಫೋನ್ ಎತ್ತುವುದಿಲ್ಲ.

ಮಗಳು ನಡುಮನೆಯಲ್ಲೇ ಮಲಗುತ್ತಾಳೆ. ಬಣ್ಣ ಬಳಿಸಿ ಏಳು ತಿಂಗಳಾಯಿತು. ಇವತ್ತೂ ಮುಟ್ಟಿ ನೋಡಿದೆ. ಬೆರಳಿಗೆ ಹಳದಿ ಹತ್ತಿತು.