ಉದ್ದ ಕತ್ತಿಯ ಕಡೆಯವನು

“ತುಕ್ಕು ಇದ್ದಾನಾ?”

ಕನ್ನಡಕದಂಗಡಿಯಲ್ಲಿ ಗಾಜಿನ ಅಂಚು ಉಜ್ಜುತ್ತಿದ್ದವಳು ತಲೆ ಎತ್ತಿದಳು. ತುಕ್ಕು ಅವಳ ಅಣ್ಣ. ಕತ್ತಿವೀರರ ಚಿತ್ರಕಥೆಯೊಂದರ ಅಭಿಮಾನಿಗಳ ಗುಂಪಿನಲ್ಲಿ ಅವನು ಇಟ್ಟುಕೊಂಡಿದ್ದ ಹೆಸರು ಅದು. ಅವನು ಕೂರುತ್ತಿದ್ದ ಕುರ್ಚಿಯಲ್ಲಿ ಈಗ ಅವಳು ಕೂರುತ್ತಾಳೆ.

ಬಾಗಿಲಲ್ಲಿ ನಿಂತವನ ಹೆಗಲಲ್ಲಿ ಟೂಲ್ ಬ್ಯಾಗ್, ಉಗುರಲ್ಲಿ ಗ್ರೀಸ್. ಆ ಹೆಸರು ಹಿಡಿದು ಕೇಳುವ ಲಿಫ್ಟ್ ಮೆಕ್ಯಾನಿಕ್ ಒಬ್ಬನೇ. ಅಣ್ಣ ಅಂಗಡಿಯ ವಿಳಾಸ ಕೊಟ್ಟಿದ್ದರೂ ಒಮ್ಮೆಯೂ ಮುಖ ನೋಡಿರದ ಗೆಳೆಯ.

ಅಣ್ಣ ಜ್ವರದಲ್ಲಿ ತೀರಿಕೊಂಡ ವಾರವೇ ಅವನ ಫೋನಿಗೆ ಇವನ ಮೆಸೇಜ್ ಬಂದಿತ್ತು. ‘ಎಲ್ಲೋ ಹಾಳಾಗಿ ಹೋದೆ? ಸೋತೆ ಅಂತ ಒಪ್ಕೊಂಡ್ಯಾ?’ ಅಣ್ಣ ಇಲ್ಲ ಎಂದು ಬರೆಯಲು ಅವಳಿಗೆ ಬೆರಳೇ ಏಳಲಿಲ್ಲ. ‘ಸೋಲೋದು ನಿಮ್ಮಪ್ಪ’ ಎಂದು ಅಣ್ಣನ ಹಾಗೆಯೇ ಉತ್ತರಿಸಿಬಿಟ್ಟಳು.

ಅಲ್ಲಿಂದ ದಿನವೂ ಜಗಳ. ಅಣ್ಣನದು ಕುಂಟ ಸೇನಾನಿಯ ಪಕ್ಷ. ಸೇನಾನಿಯ ಉದ್ದ ಕತ್ತಿಯ ಮುಂದೆ ಯಾವ ಆಯುಧವೂ ಇಲ್ಲ ಎಂಬುದು ಅವನ ವಾದ. ಮೆಕ್ಯಾನಿಕ್ ಭರ್ಜಿ ಹಿಡಿದ ಸನ್ಯಾಸಿಯ ಕಡೆ. ಅದೇ ಕಥೆಯ ಜೋಡಿ ಚೂರಿಯ ನೇಕಾರಗಿತ್ತಿಯನ್ನು ಅಣ್ಣನಾಗಲಿ ಇವನಾಗಲಿ ಲೆಕ್ಕಕ್ಕಿಟ್ಟಿರಲಿಲ್ಲ. ಆಯುಧ ಅದಲುಬದಲು ಮಾಡಿಕೊಂಡರೆ ಯಾರು ಗೆಲ್ಲುತ್ತಾರೆ ಎಂಬುದಕ್ಕೇ ಒಂದು ತಿಂಗಳು ಕಳೆಯಿತು. ಜಗಳವಾಡುತ್ತಲೇ ಅವಳು ಅವನಿಗೆ ಮನಸೋತಳು. ಹೇಳುವುದಾದರೂ ಯಾರ ಬಾಯಿಂದ? ಸತ್ತವನ ಬಾಯಿಂದಲೇ?

ಈಗ ನಿಜ ಹೇಳಿದರೆ ಇವನೂ ಹೋಗುತ್ತಾನೆ. ಅವಳು ಗಾಜು ಉಜ್ಜುವ ಕಲ್ಲಿನ ಸ್ವಿಚ್ ಆರಿಸಿದಳು.

“ಅಣ್ಣ ಇಲ್ಲ,” ಅಂದಳು. “ತೀರ್ಕೊಂಡು ಎಂಟು ತಿಂಗಳಾಯ್ತು. ಇಷ್ಟು ದಿನ ನಿಮ್ಮ ಜೊತೆ ಮಾತಾಡಿದ್ದು ನಾನು.”

ಅವನು ಟೂಲ್ ಬ್ಯಾಗನ್ನು ಮೆಲ್ಲಗೆ ಕೆಳಗಿಟ್ಟ.

“ಗೊತ್ತು.”

“ಏನು ಗೊತ್ತು?”

“ಕಿರಿದಾದ ಮೆಟ್ಟಿಲಲ್ಲಿ ಉದ್ದ ಕತ್ತಿ ಗೋಡೆಗೆ ತಾಗುತ್ತೆ, ಅಲ್ಲಿ ಜೋಡಿ ಚೂರಿಯ ನೇಕಾರಗಿತ್ತೀನೇ ಗೆಲ್ಲೋದು ಅಂದ್ರಲ್ಲ? ತುಕ್ಕು ಪ್ರಾಣ ಹೋದ್ರೂ ಆ ಮಾತು ಆಡೋನಲ್ಲ. ‘ಮನೇಲೊಬ್ಬಳು ಶತ್ರು ಇದಾಳೆ, ಚೂರಿ ಕಡೆಯವಳು, ನನ್ನ ತಂಗಿ’ ಅಂತ ಹೇಳ್ತಿದ್ದ.” ಅವನು ಉಗುರಿನ ಗ್ರೀಸ್ ಕೆರೆದ. “ಮೊದಲು ನೀವು ತಮಾಷೆಗೆ ಅವನ ಫೋನ್ ತಗೊಂಡಿದೀರಾ ಅಂದ್ಕೊಂಡೆ. ಆದ್ರೆ ನೀವು ಚೂರೀನ ಅಷ್ಟು ಹೊಗಳ್ತಿದ್ರೂ ಅವನು ಬಂದು ಫೋನ್ ಕಿತ್ಕೊಳ್ಳಲೇ ಇಲ್ಲ. ಆಗ ಅರ್ಥ ಆಯ್ತು.”

ಅವಳ ಕಣ್ಣು ತುಂಬಿತು. “ಗೊತ್ತಿದ್ದೂ ಯಾಕೆ ಜಗಳ ಆಡಿದ್ರಿ?”

“ನಿಲ್ಲಿಸಿದ್ರೆ ಅವನೂ ಹೋಗ್ತಿದ್ದ, ನೀವೂ ಹೋಗ್ತಿದ್ರಿ. ಇಬ್ಬರನ್ನೂ ಒಟ್ಟಿಗೆ ಕಳ್ಕೊಳ್ಳೋಕೆ ನನ್ನ ಕೈಲಿ ಆಗ್ಲಿಲ್ಲ.” ಕಪಾಟಿನ ಕನ್ನಡಕಗಳನ್ನೆಲ್ಲ ಒಂದು ಸುತ್ತು ನೋಡಿ, ಕೊನೆಗೆ ಅವಳನ್ನು ನೋಡಿದ. “ಆಮೇಲಾಮೇಲೆ ನಿಮಗೋಸ್ಕರಾನೇ ಜಗಳ ಆಡ್ತಿದ್ದೆ.”

ಅವಳು ಮುಖ ಒರೆಸಿಕೊಂಡಳು. ಗಾಜಿನ ಪುಡಿ ಕೆನ್ನೆಗೆ ಹತ್ತಿತು. ಅವನು ಅದನ್ನು ಒರೆಸಲು ಕೈ ಎತ್ತಿ, ಗ್ರೀಸ್ ನೆನಪಾಗಿ ಇಳಿಸಿದ. ಅವಳೇ ಎದ್ದು ಬಂದು ಆ ಕೈ ಹಿಡಿದುಕೊಂಡಳು.

“ಇನ್ಮೇಲೆ ಸೇನಾನಿ ಕಡೆ ಯಾರು ಮಾತಾಡ್ತಾರೆ?” ಅವಳು ಕೇಳಿದಳು.

“ಒಂದಿನ ನೀನು, ಒಂದಿನ ನಾನು.”

“ಇವತ್ತು ನೀವೇ ಮಾತಾಡಿ.”

ವರ್ಷಗಟ್ಟಲೆ ಸೇನಾನಿಯನ್ನು ಆಡಿಕೊಂಡವನು ಅಣ್ಣನ ಖಾಲಿ ಕುರ್ಚಿಯನ್ನು ನೋಡುತ್ತ ಅಣ್ಣನ ಮಾತನ್ನೇ ಹೇಳಿದ.

“ಉದ್ದ ಕತ್ತಿ ಎಲ್ಲೂ ಸೋಲಲ್ಲ.”

ಅವಳು ವಾದಿಸಲಿಲ್ಲ.