ಫೋಟೊ ಮೂಲೆಯ ಹೆಬ್ಬೆರಳು

"ಈ ಪುಟ ನೋಡಿ. ಗುಲಾಬಿ ಹೂವಿದೆ, ಸೂರ್ಯೋದಯ ಇದೆ, ಶುಭೋದಯ ಇದೆ. ಹೆಸರು ಮಾತ್ರ ಬೆತ್ತದ ಕುರ್ಚಿ ಅಂಗಡಿ. ಕುರ್ಚಿ ಎಲ್ಲಿದೆ, ಯಾರಾದ್ರೂ ಹುಡುಕಿ ಕೊಡಿ."

ವರ್ತಕರ ಸಂಘದ ಮಹಡಿಯಲ್ಲಿ ಕೂತಿದ್ದ ಅಂಗಡಿಯವರೆಲ್ಲ ನಕ್ಕರು. ಗೋಡೆಯ ಮೇಲೆ ದೊಡ್ಡದಾಗಿ ಬಿದ್ದಿದ್ದ ಆ ಪುಟ ತನ್ನದೇ ಎಂದು ತಿಳಿದಾಗ, ಕೊನೆಯ ಸಾಲಿನಲ್ಲಿದ್ದ ಅವಳ ಕಿವಿ ಕಾದುಹೋಯಿತು.

ಅವಳು ಎದ್ದು ನಿಂತಳು.

"ಕುರ್ಚಿ ನನ್ನ ಅಂಗಡಿಯಲ್ಲಿದೆ. ಬಂದು ನೋಡೋಕೆ ನಿಮಗೆ ಕಾಲಿರಲಿಲ್ವಾ?"

ನಗು ಗಪ್ಪಾಯಿತು.

ಪಾಠ ಹೇಳುತ್ತಿದ್ದವನು ಅದೇ ಬೀದಿಯ ಫೋಟೊ ಸ್ಟುಡಿಯೊದವನು. ಮೊಬೈಲಿನಲ್ಲಿ ಅಂಗಡಿಯ ಪುಟ ನಡೆಸುವುದು ಹೇಗೆಂದು ಸಣ್ಣ ವ್ಯಾಪಾರಿಗಳಿಗೆ ಕಲಿಸತೊಡಗಿದ ಮೇಲೆ, ಜನ ಅವನಿಗೆ 'ಪೋಸ್ಟ್ ಮೇಷ್ಟ್ರು' ಎಂದು ಹೆಸರಿಟ್ಟಿದ್ದರು.

"ನಿಮ್ಮನ್ನ ಕೇಳದೆ ತೋರಿಸಿದ್ದು ತಪ್ಪಾಯ್ತು," ಎಂದ ಅವನು.

"ತಪ್ಪಾಯ್ತು ಅನ್ನೋಕೆ ನಾಲಿಗೆ ಒಂದಿದ್ರೆ ಸಾಕು ಬಿಡಿ."

ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು. ಆದರೂ ಅವನ ಮುಖ ಕಣ್ಣಿಂದ ಹೋಗಲಿಲ್ಲ... ವಾದಕ್ಕೆ ನಿಲ್ಲದೆ ತಪ್ಪೊಪ್ಪಿಕೊಂಡ ಮುಖ. ಅದನ್ಯಾಕೆ ನೆನೀತೀಯೇ, ಎಂದು ತನ್ನನ್ನೇ ಬೈದುಕೊಂಡಳು.

ಮರುದಿನ ಅವನು ಹರಿದ ಕುರ್ಚಿಯೊಂದನ್ನು ಹೆಗಲ ಮೇಲೆ ಹೊತ್ತು ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಅವಳು ತಲೆ ಎತ್ತಲಿಲ್ಲ. ಬೆತ್ತದ ಎಳೆಗಳನ್ನು ನೀರಿನ ತೊಟ್ಟಿಯಿಂದ ತೆಗೆಯುತ್ತಿದ್ದ ಅಪ್ಪನೇ ಮಾತಾಡಿಸಿದರು.

"ಏನಪ್ಪಾ, ಕುರ್ಚಿ ತಂದಿದ್ದೀಯೋ, ಕ್ಷಮೆ ಕೇಳೋಕೆ ಬಂದಿದ್ದೀಯೋ? ಕುರ್ಚಿಗಾದ್ರೆ ಒಂದು ವಾರ. ಕ್ಷಮೆಗೆ ಎಷ್ಟು ದಿನ ಅಂತ ಆ ಕಡೆ ಕೂತಿರೋರನ್ನ ಕೇಳು."

"ಎರಡಕ್ಕೂ ಬಂದಿದ್ದೀನಿ, ಯಜಮಾನರೇ."

ಅವಳಿಗೆ ನಗು ಬಂತು. ತುಟಿ ಕಚ್ಚಿಕೊಂಡಳು.

ಹಾಗೆ ಶುರುವಾಯಿತು. ಸಂಜೆ ಸ್ಟುಡಿಯೊ ಮುಚ್ಚಿ ಅವನು ಬರುತ್ತಿದ್ದ. ಅವನ ಪಾಠದಲ್ಲಿ ದೊಡ್ಡ ಮಾತಿರಲಿಲ್ಲ. ಫೋಟೊವನ್ನು ಕಿಟಕಿ ಬೆಳಕಲ್ಲಿ ತೆಗೆಯಿರಿ. ಮಾಲಿನ ಜೊತೆ ಮಾಡುವ ಕೈಯನ್ನೂ ತೋರಿಸಿ. ಒಂದು ಸಲಕ್ಕೆ ಒಂದೇ ವಿಷಯ. ಏನು ಬರೆಯಲಿ ಎಂದು ತಲೆ ಕೆರೆದುಕೊಳ್ಳಬೇಡಿ, ಇವತ್ತು ಗಿರಾಕಿ ಏನು ಕೇಳಿದರೋ ಅದಕ್ಕೆ ಉತ್ತರ ಬರೆಯಿರಿ. ಯಾರು ಏನೇ ಕೇಳಿದರೂ, ಬೈದರೂ, ಮರುಮಾತು ಕೊಡಿ.

"ಗಿರಾಕಿ ಬಾಗಿಲಲ್ಲಿ ನಿಂತು ಕೂಗಿದ್ರೆ ಸುಮ್ಮನಿರ್ತೀರಾ? ಇದೂ ಬಾಗಿಲೇ," ಎನ್ನುತ್ತಿದ್ದ. "ಆದ್ರೆ ಎಲ್ಲವನ್ನೂ ಪುಟಕ್ಕೆ ಹಾಕಬೇಡಿ. ಏನಾದ್ರೂ ಒಂದನ್ನ ನಿಮಗೇ ಅಂತ ಇಟ್ಟುಕೊಳ್ಳಿ."

"ನಿಮ್ಮ ಹತ್ರ ಅಂಥದ್ದು ಏನಿದೆ, ಮೇಷ್ಟ್ರೇ?"

"ಇದೆ," ಎಂದವನೇ ಮಾತು ಬದಲಿಸಿದ.

ಬೆತ್ತ ಯಾಕೆ ಒಣಗುತ್ತದೆ, ಒದ್ದೆ ಬಟ್ಟೆಯಿಂದ ಹೇಗೆ ಒರೆಸಬೇಕು ಎಂದು ಅಪ್ಪ ಹೇಳಿದರು. ಅವಳು ಅದನ್ನೇ ಪುಟದಲ್ಲಿ ಬರೆದಳು. ಜನ ಓದಿದರು. ಅಟ್ಟದ ಮೇಲೆ ಎಸೆದಿದ್ದ ಅಜ್ಜಿಯ ಕುರ್ಚಿಗಳನ್ನು ಹುಡುಕಿಕೊಂಡು ತಂದರು. ಮುಚ್ಚಿಯೇ ಹೋಗುತ್ತದೆ ಎಂದುಕೊಂಡಿದ್ದ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು.

ಅಪ್ಪನಿಗೂ ಫೋಟೊದ ಹುಚ್ಚು ಹಿಡಿಯಿತು. ಬೆತ್ತ ಕೊಯ್ಯದಿರಲೆಂದು ಹೆಬ್ಬೆರಳಿಗೆ ಸದಾ ಬಟ್ಟೆಪಟ್ಟಿ ಸುತ್ತಿಕೊಂಡಿರುತ್ತಿದ್ದರು. ಅವರು ತೆಗೆದ ಫೋಟೊದಲ್ಲೆಲ್ಲ ಮೂಲೆಗೆ ಆ ಹೆಬ್ಬೆರಳು ಹಾಜರ್.

"ಯಜಮಾನರೇ, ಹೆಬ್ಬೆರಳು," ಎಂದು ಮೇಷ್ಟ್ರು ತಲೆ ಚಚ್ಚಿಕೊಳ್ಳುತ್ತಿದ್ದ.

"ಅದೂ ಅಂಗಡಿ ಮಾಲೇ ಕಣಪ್ಪಾ, ಇರಲಿ ಬಿಡು."

ಕೆಲಸ ಹೆಚ್ಚಾದಾಗ ಅವನು ಇನ್ನೊಂದು ಉಪಾಯ ಹೇಳಿಕೊಟ್ಟ. ಬಿಡುವಿದ್ದ ದಿನ ನಾಲ್ಕಾರು ಪೋಸ್ಟ್ ಒಟ್ಟಿಗೆ ಬರೆದು, ದಿನ, ಗಂಟೆ ಹೊಂದಿಸಿ ಇಟ್ಟರೆ, ಅವು ತಮ್ಮಷ್ಟಕ್ಕೆ ತಾವೇ ಪುಟಕ್ಕೆ ಹೋಗುತ್ತವೆ. ಆ ಕೆಲಸವನ್ನು ಅವಳು ಅವನಿಗೇ ಒಪ್ಪಿಸಿದಳು. ಕೀಲಿ ಕೊಟ್ಟಷ್ಟೇ ನಂಬಿಕೆಯಿಂದ.

ಅವನ ಕುರ್ಚಿ ಮಾತ್ರ ಅರ್ಧಕ್ಕೇ ನಿಂತಿತ್ತು.

"ಎಲ್ಲರ ಕುರ್ಚಿನೂ ವಾರಕ್ಕೆ ಮುಗಿಯುತ್ತೆ. ಇವರದ್ದು ಯಾಕಪ್ಪಾ ಹೀಗೆ?"

"ಕೆಲವು ಕುರ್ಚಿಗೆ ಅವಸರ ಮಾಡಬಾರದಮ್ಮಾ," ಎಂದರು ಅಪ್ಪ, ಗೋಡೆ ಕಡೆ ತಿರುಗಿ ನಗುತ್ತ. "ಮುಗಿಸಿ ಕೊಟ್ರೆ ಅವನು ನಾಳೆಯಿಂದ ಯಾವ ನೆವ ಹೇಳಿಕೊಂಡು ಬರ್ತಾನೆ, ಪಾಪ."

ಒಂದು ಬೆಳಿಗ್ಗೆ ಅಪ್ಪ ಏಳಲಿಲ್ಲ.

ಮನೆಯ ಮುಂದೆ ಬೀದಿಯೇ ನೆರೆದಿತ್ತು. ಅವಳು ಅಪ್ಪನ ತಲೆಯ ಬಳಿ ಕೂತಿದ್ದಳು, ಅಳು ಬರದೆ. ಆಗ ಒಬ್ಬರ ಜೇಬಿನಲ್ಲಿ ಮೊಬೈಲು ಟಿಣ್ ಎಂದಿತು. ಆಮೇಲೆ ಇನ್ನೊಬ್ಬರದು. ಜನ ಫೋನ್ ನೋಡಿ ಮುಖ ಮುಖ ನೋಡಿಕೊಂಡರು.

ಪಕ್ಕದಲ್ಲಿ ಕೂತಿದ್ದ ಅವಳ ಚಿಕ್ಕಮ್ಮ ಯಾರದೋ ಕೈಯಿಂದ ಫೋನ್ ಕಿತ್ತು ಅವಳ ಮುಂದೆ ಹಿಡಿದಳು.

ಪುಟದಲ್ಲಿ ಅಪ್ಪ ನಗುತ್ತಿದ್ದರು. ಕೆಳಗೆ ಬರೆದಿತ್ತು: 'ಇವತ್ತು ಅಂಗಡಿ ತೆಗೆದಿದೆ. ದಿನವಿಡೀ ನಾನೇ ಇರ್ತೀನಿ. ಬನ್ನಿ.'

ಎದುರಿಗೆ ಅಪ್ಪ ಮಲಗಿದ್ದರು.

ಅವಳು ಎದ್ದಳು. ಗುಂಪಿನಲ್ಲಿ ಅವನು ನಿಂತಿದ್ದ, ಕಣ್ಣು ಕೆಂಪಾಗಿ. ನೇರ ಹೋಗಿ ಅವನೆದುರು ನಿಂತಳು.

"ಹೆಣ ಇಟ್ಟುಕೊಂಡು ವ್ಯಾಪಾರ ಮಾಡೋದನ್ನೂ ಕಲಿಸಿಬಿಟ್ರಲ್ಲ, ಮೇಷ್ಟ್ರೇ."

ಅವನು ಫೋನಿನ ಕಡೆ ನೋಡಿದ. ತುಂಬ ಹೊತ್ತು ನೋಡಿದ.

"ನಾನು ನೋಡಿಕೊಳ್ಳಬೇಕಿತ್ತು," ಎಂದಷ್ಟೇ ಹೇಳಿದ.

"ಇನ್ನು ನನ್ನ ಕಣ್ಣಿಗೆ ಬೀಳಬೇಡಿ."

ಅವನು ಬೀಳಲಿಲ್ಲ. ಹೇಳಿದ ಮಾತನ್ನು ಹಾಗೇ ನಡೆಸುವವರ ಜೊತೆ ಜಗಳ ಆಡಬಾರದು. ಅವಳು ಕಿಟಕಿಯ ಬಳಿ ಕೂತು ಕೆಲಸ ಮಾಡುವಾಗ ಕಣ್ಣು ಬೀದಿಗೇ ಹೋಗುತ್ತಿತ್ತು... ಬರಬೇಡ ಎಂದವಳು ನಾನೇ ಅಲ್ಲವೇ? ಮತ್ತೆ ಯಾಕೆ ಈ ದಾರಿ ಕಾಯುವುದು?

ಪುಟವನ್ನು ಅವಳು ತೆರೆಯಲೇ ಇಲ್ಲ. ಅವನ ಅರ್ಧ ಕುರ್ಚಿಗೆ ಗೋಣಿ ಹೊದಿಸಿ ಮೂಲೆಗೆ ತಳ್ಳಿದಳು.

"ಆ ಪುಟ ಅಳಿಸಿಹಾಕೇ, ಪೀಡೆ ಹೋಗಲಿ," ಎಂದು ಚಿಕ್ಕಮ್ಮ ದಿನಾ ಗೊಣಗುತ್ತಿದ್ದಳು. ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಮನಸ್ಸು ಗಟ್ಟಿ ಮಾಡಿ ಪುಟ ತೆರೆದಳು, ಅಳಿಸಲೆಂದೇ.

ಮೊದಲು ಕಂಡದ್ದು ಅದೇ ಫೋಟೊ.

ಅದರ ಕೆಳಗೆ ಜನ ಬರೆದದ್ದು ಉದ್ದಕ್ಕೆ ಇತ್ತು. 'ನನ್ನ ಕುರ್ಚಿ ಏನಾಯ್ತು?' ಎಂದು ಕೇಳಿದವರಿಗೆ ಅಂಗಡಿಯ ಹೆಸರಿನಲ್ಲೇ ಉತ್ತರವಿತ್ತು: 'ಯಜಮಾನರು ತೀರಿಕೊಂಡಿದ್ದಾರೆ. ನಿಮ್ಮ ಕುರ್ಚಿ ಭದ್ರವಾಗಿದೆ. ಮಗಳಿಗೆ ಸ್ವಲ್ಪ ಸಮಯ ಕೊಡಿ.' ಒಬ್ಬ ಒರಟಾಗಿ ಬೈದಿದ್ದ. ಅವನಿಗೂ ಅಷ್ಟೇ ತಾಳ್ಮೆಯ ಉತ್ತರ. ಗಿರಾಕಿಗಳು ಯಾಕೆ ಯಾರೂ ಬಂದು ಜಗಳ ಮಾಡಲಿಲ್ಲ ಎಂದು ಈಗ ತಿಳಿಯಿತು. ಪುಟದ ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದ, ಅವಳ ಕಣ್ಣಿಗೆ ಬೀಳದೆ.

ಅವಳು ಮತ್ತೆ ಫೋಟೊ ನೋಡಿದಳು. ಅಪ್ಪನ ಮುಖ ಸೊಟ್ಟಗಿತ್ತು. ಅರ್ಧ ಕಿವಿ ಹೊರಗೆ ಹೋಗಿತ್ತು. ಮೇಲಿನ ಮೂಲೆಯಲ್ಲಿ ಏನೋ ಮಸುಕು. ಬೆರಳಿಂದ ಹಿಗ್ಗಿಸಿದಳು.

ಬಟ್ಟೆಪಟ್ಟಿ ಸುತ್ತಿದ ಹೆಬ್ಬೆರಳು.

ಈ ಫೋಟೊ ಮೇಷ್ಟ್ರು ತೆಗೆದದ್ದಲ್ಲ. ಇಂಥದ್ದನ್ನು ಅವನು ಪುಟಕ್ಕೆ ಹಾಕುವುದೂ ಇಲ್ಲ. 'ದಿನವಿಡೀ ನಾನೇ ಇರ್ತೀನಿ...' ಅದು ಅಪ್ಪನದೇ ಮಾತು. ಅಪ್ಪನೇ ತೆಗೆದು, ಅಪ್ಪನೇ ಬರೆದು, ಅಪ್ಪನೇ ಗಂಟೆ ಹೊಂದಿಸಿಟ್ಟು ಮಲಗಿದ್ದರು. ಸಿಟ್ಟಿನ ಕಣ್ಣಿಗೆ ಅಷ್ಟು ದೊಡ್ಡ ಹೆಬ್ಬೆರಳೂ ಕಂಡಿರಲಿಲ್ಲ.

ಆ ದಿನ ಬಾರದೆ ಉಳಿದಿದ್ದ ಅಳು ಈಗ ಬಂತು.

ಅತ್ತು ಮುಗಿದ ಮೇಲೆ ತೊಟ್ಟಿಗೆ ನೀರು ತುಂಬಿ ಬೆತ್ತ ನೆನೆಹಾಕಿದಳು. ಗೋಣಿ ಎಳೆದಳು. ಅಪ್ಪ ನಿಲ್ಲಿಸಿದ ಕಡೆ, ಎಳೆ ಜಾರದಂತೆ ತೂತಿಗೆ ಸಿಕ್ಕಿಸಿದ್ದ ಮರದ ಬೆಣೆಗಳು ಹಾಗೇ ಇದ್ದವು. ತನ್ನ ಹೆಬ್ಬೆರಳಿಗೂ ಪಟ್ಟಿ ಸುತ್ತಿಕೊಂಡು, ಅಲ್ಲಿಂದಲೇ ಹೆಣೆಯತೊಡಗಿದಳು.

ಕೆಲಸ ಮುಗಿದ ದಿನ ಅವಳೇ ಕುರ್ಚಿ ಹೊತ್ತು ಸ್ಟುಡಿಯೊದ ಬಾಗಿಲಲ್ಲಿ ನಿಂತಳು. ಅವನು ಕ್ಯಾಮೆರಾ ಒರೆಸುತ್ತಿದ್ದವನು ಹಾಗೇ ನಿಂತುಬಿಟ್ಟ.

"ಕುರ್ಚಿ ತಂದ್ರಾ?"

"ಕ್ಷಮೆ ಕೇಳೋಕೂ ಬಂದಿದ್ದೀನಿ."

ಅವನು ಬಂದು ಕುರ್ಚಿ ಇಳಿಸಿಕೊಂಡ.

"ಅವತ್ತೇ ಗೊತ್ತಿತ್ತಲ್ವಾ ನಿಮಗೆ?"

"ಹೆಬ್ಬೆರಳು ನೋಡಿದ ತಕ್ಷಣ ಗೊತ್ತಾಯ್ತು."

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

"ಅವತ್ತು ನಿಮಗೆ ಬೈಯೋಕೆ ಒಬ್ಬರು ಬೇಕಿತ್ತು. ಮಲಗಿರೋ ಅಪ್ಪನ ಕಡೆ ಕೈ ತೋರಿಸಲಾ? ಅವರಿಗೆ ಗಂಟೆ ಹೊಂದಿಸೋದು ಕಲಿಸಿದ್ದು ನಾನೇ. 'ಮಗಳಿಗೆ ಹೇಳಬೇಡ, ಒಂದಿನ ನಾನೇ ಹಾಕಿ ಬೆರಗು ಮಾಡ್ತೀನಿ' ಅಂದಿದ್ರು. ಅಳಿಸೋಣ ಅಂತ ಎಷ್ಟು ಸಲ ಹೋದೆ... ಕೈ ಬರಲಿಲ್ಲ. ಅವರು ಕೈಯಾರೆ ಹಾಕಿದ್ದು ಅದೊಂದೇ."

"ಇಷ್ಟು ದಿನ ಪುಟ ಕಾದಿದ್ದೂ ಅದಕ್ಕೇನಾ?"

"ಅಲ್ಲ. ಅದು ನಿಮ್ಮ ಬಾಗಿಲು ಅಂತ. ಬೇರೆ ಬಾಗಿಲಿಗೆ ಬರೋ ಹಾಗಿರಲಿಲ್ಲವಲ್ಲ."

ಅವಳು ಕಣ್ಣೊರೆಸಿಕೊಂಡು ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದಿಟ್ಟಳು.

"ಕೂತ್ಕೋ."

ಅವನು ಹೆಣಿಗೆಯ ಮೇಲೆ ಅಂಗೈ ಇಟ್ಟ. ಅರ್ಧ ಹಳದಿಗೆ ತಿರುಗಿತ್ತು, ಅರ್ಧ ಹೊಸ ಬಿಳುಪು.

"ಅರ್ಧ ನಿಮ್ಮಪ್ಪಂದು, ಅರ್ಧ ನಿಂದು. ಇದರ ಮೇಲೆ ಹೇಗೆ ಕೂರಲಿ?"

"ಸುಮ್ಮನೆ ಕೂತ್ಕೋ. ಅಪ್ಪ ನಿನಗೆ ಅಂತಾನೇ ತಡ ಮಾಡಿದ್ದು. ನಾನೂ ತಡ ಮಾಡಿಬಿಟ್ಟೆ. ಇನ್ನು ಆಗಲ್ಲ ನನ್ನ ಕೈಲಿ... ನೀನಿಲ್ಲದೆ."

ಅವನು ಕೂತ. ಅವಳು ಫೋನ್ ಎತ್ತಿ ಒಂದು ಫೋಟೊ ತೆಗೆದು ಅವನಿಗೆ ತೋರಿಸಿದಳು.

"ಹೆಬ್ಬೆರಳು ಬಂದಿದೆ," ಎಂದ ಅವನು ಮೆಲ್ಲಗೆ.

"ಬರಲಿ ಬಿಡು. ಇದು ಪುಟಕ್ಕಲ್ಲ."