ಎರಡನೇ ಕ್ಲಾಸಿನ ಗೋಡೆಯ ಮೊಳೆ

"ಸನೋಬರ್... ಆ ಮೊಳೆ ಇನ್ನೂ ಅಲ್ಲೇ ಇದೆಯಲ್ಲ!"

ಬೆನ್ನ ಹಿಂದಿನಿಂದ ಬಂದ ಆ ದನಿಗೆ ಸನೋಬರ್ ಹತ್ತಿ ನಿಂತಿದ್ದ ಬೆಂಚು ನಡುಗಿತು. ಗೋಡೆಯಿಂದ ಬಿಚ್ಚುತ್ತಿದ್ದ ಮಗ್ಗಿಯ ಹಾಳೆ ಕೈಜಾರಿ, ಬಾಗಿಲಲ್ಲಿ ನಿಂತವನ ಕಾಲ ಬಳಿ ಹೋಗಿ ಬಿತ್ತು.

ತಿರುಗಿ ನೋಡಬೇಕಾಗೇ ಇರಲಿಲ್ಲ. ಅವಳ ಹೆಸರಿನ ಮೊದಲ ಅಕ್ಷರಕ್ಕೇ ಸೀಟಿ ಹೊಡೆಸುವ ಗಂಡಸು ಇಡೀ ಸಮರ್ಕಂದ್‌ನಲ್ಲಿ ಒಬ್ಬನೇ. ಮುಂದಿನ ಹಲ್ಲು ಅರ್ಧ ಮುರಿದವನು. ಅದು ಮುರಿದದ್ದೂ ಇದೇ ಸ್ಕೂಲಿನ ಅಂಗಳದಲ್ಲಿ, ಎಂಟನೇ ವಯಸ್ಸಿನಲ್ಲಿ, ಅವಳಿಗೆ ಹಿಪ್ಪುನೇರಳೆ ಹಣ್ಣು ಕೀಳಲು ಮರ ಹತ್ತಿ.

ಉಮೇದ್!

ಹೆಸರೇನೋ ಉಮೇದ್. ವಾಪಸ್ ಬರೋದರಲ್ಲಿ ಮಾತ್ರ ಉಮೇದಿಲ್ಲ.

"ಮೊಳೆಗೆ ಕಾಲಿಲ್ಲವಲ್ಲ," ಅಂದಳು, ತಿರುಗದೆಯೇ. "ಇದ್ದಿದ್ರೆ ಅದೂ ಕಜಾನ್‌ಗೆ ಹೋಗ್ತಿತ್ತು."

"ಬೈಯೋದಾದ್ರೆ ಕೆಳಗಿಳಿದು ಬೈ. ಬಿದ್ದೀಯ."

"ಬೀಳೋ ವಯಸ್ಸಲ್ಲಿ ಬಿದ್ದಾಯ್ತು."

ಅಯ್ಯೋ... ಇದನ್ನ ಯಾಕೆ ಹೇಳಿದೆ! ಸನೋಬರ್ ತುಟಿ ಕಚ್ಚಿಕೊಂಡಳು.

ಅವನು ಬಗ್ಗಿ ಮಗ್ಗಿಯ ಹಾಳೆ ಎತ್ತಿಕೊಂಡ, ಧೂಳು ಕೊಡವಿದ. "ಸ್ಕೂಲು ಮುಚ್ಚಿ ಹೋಟೆಲ್ ಮಾಡ್ತಾರೆ ಅಂತ ಹಳೇ ಹುಡುಗರ ಫೋನ್ ಗುಂಪಲ್ಲಿ ಹಾಕಿದ್ರು. ಕೊನೇ ಸಲ ನೋಡ್ಕೊಂಡು ಹೋಗೋಣ ಅಂತ ಬಂದೆ." ಹಾಳೆ ಮಡಚುತ್ತಾ, "ನಾಳೆ ನಿಮ್ಮನೇಲಿ ರೊಟ್ಟಿ ಮುರೀತಾರಂತೆ?"

"ಹೌದು. ಹಲ್ಲಿನ ಡಾಕ್ಟರು."

"ಒಳ್ಳೇದಾಯ್ತು ಬಿಡು. ಮುರುಕು ಹಲ್ಲು ನೋಡಿ ನೋಡಿ ಸಾಕಾಗಿತ್ತೇನೋ."

ನಮ್ಮ ಸಮರ್ಕಂದ್‌ನಲ್ಲಿ ನಿಶ್ಚಿತಾರ್ಥಕ್ಕೆ ಉಂಗುರ ಆಮೇಲೆ. ಮೊದಲು ಎರಡು ಮನೆಯ ಹಿರಿಯರು ಎದುರುಬದುರು ಕೂತು ರೊಟ್ಟಿ ಮುರೀಬೇಕು. ಒಮ್ಮೆ ರೊಟ್ಟಿ ಮುರಿದರೆ ಮಾತು ಮುರಿಯೋ ಹಾಗಿಲ್ಲ. ಸನೋಬರ್‌ಗೆ ಇಪ್ಪತ್ತೊಂಬತ್ತು. ಅವಳಮ್ಮ ಆ ರೊಟ್ಟಿಗೆ ಬೆಳಗ್ಗೆಯೇ ಹಿಟ್ಟು ಜರಡಿ ಹಿಡಿದು ಇಟ್ಟಿದ್ದಳು.

"ಸನೋಬರ್, ಒಂದೇ ಒಂದು ಮಾತು ಕೇಳಬೇಕು... ನೀನೇ ತಾನೆ ಆ..."

"ಬೀರುವಿನ ಬೀಗದ ಕೈ ಎಲ್ರೀ? ಗಂಟೆ ಒಳಗಿದೆ! ಕೊನೇ ಗಂಟೆ ಏನು ನನ್ನ ತಲೆ ಮೇಲೆ ಬಾರಿಸ್ಲಾ?" ಹೊರಗಿನಿಂದ ಹೆಡ್ಮಾಸ್ಟರ್ ಕುದ್ರತ್ ಕೂಗಿದರು.

ಸನೋಬರ್ ಧಡಕ್ಕನೆ ಇಳಿದು, ಅವನ ಪಕ್ಕದಿಂದ ಗಾಳಿಯ ಹಾಗೆ ಹೊರಟುಹೋದಳು.

ಕೇಳೋದು ಇವನಂತೆ! ಕೇಳಬೇಕಾದವಳು ನಾನು!

ಹೇಳಬೇಕೆಂದರೆ ಅವರ ಪ್ರೀತಿ ಮೊಳೆತದ್ದೇ ಆ ಮೊಳೆಯಲ್ಲಿ.

ಐದು ವರ್ಷದ ಹಿಂದಿನ ಮಾತು. ಉಮೇದ್ ಹೆಂಚು ಕೂರಿಸುವ ಕೆಲಸಕ್ಕೆ ರಷ್ಯಾದ ಕಜಾನ್‌ಗೆ ಹೊರಟಿದ್ದ. ಊರು ಬಿಡುವವನು ರೊಟ್ಟಿಯನ್ನು ಒಂದು ತುತ್ತು ಕಚ್ಚಿ ಹೋಗಬೇಕು. ಉಳಿದದ್ದನ್ನು ಮನೆಯವರು ಗೋಡೆಗೆ ತೂಗುಹಾಕುತ್ತಾರೆ. ಅವನು ತಿರುಗಿ ಬಂದು ಅದನ್ನು ತಿಂದು ಮುಗಿಸುವವರೆಗೆ ಬೇರೆ ಯಾರೂ ಮುಟ್ಟುವಂತಿಲ್ಲ. ಆದರೆ ಉಮೇದ್ ತಾಯಿಯಿಲ್ಲದ ಹುಡುಗ, ಚಿಕ್ಕಪ್ಪನ ಮನೆಯ ಮೂಲೆಯಲ್ಲಿ ಬೆಳೆದವನು. ರೊಟ್ಟಿ ಕಚ್ಚಿಸುವವರೂ ಇಲ್ಲ, ತೂಗುಹಾಕಲು ತನ್ನದೆನ್ನುವ ಗೋಡೆಯೂ ಇಲ್ಲ.

ಆಗಷ್ಟೇ ಇದೇ ಸ್ಕೂಲಿಗೆ ಟೀಚರಾಗಿ ಬಂದಿದ್ದ ಸನೋಬರ್ ಅವನನ್ನು ಎರಡನೇ ಕ್ಲಾಸಿಗೆ ಕರೆತಂದಿದ್ದಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು, ಒಂದೇ ರೊಟ್ಟಿ ಹಂಚಿಕೊಂಡು ಕಲಿತ ಕೋಣೆ.

"ಕಚ್ಚು," ಅಂದಿದ್ದಳು.

ಕಚ್ಚಿದ. ರೊಟ್ಟಿಯ ಅಂಚಿನಲ್ಲಿ ಮುರುಕು ಹಲ್ಲಿನ ಗುರುತು ಸಹಿ ಹಾಕಿದ ಹಾಗೆ ಬಿತ್ತು. ಅವಳು ಅದನ್ನು ಗೋಡೆಯ ಆ ಮೊಳೆಗೆ ತೂಗುಹಾಕಿದಳು.

"ಎರಡು ವರ್ಷ. ಬಂದು ಮುಗಿಸ್ತೀನಿ."

"ರೊಟ್ಟೀನಾ?"

"ಕಾಯಿಸೋದನ್ನ."

ಎರಡು ಮೂರಾಯಿತು. ಪ್ರತಿ ವರ್ಷದ ಹೊಸ ಮಕ್ಕಳೂ "ಟೀಚರ್, ಪ್ರಯಾಣದ ಮಾಮ ಯಾವಾಗ ಬರ್ತಾರೆ?" ಅಂತ ಕೇಳಿ, ರೊಟ್ಟಿಗೊಂದು ಸಲಾಂ ಹೊಡೆದು ಕೂರುತ್ತಿದ್ದವು. ಮೂರನೇ ಬೇಸಿಗೆ ಸನೋಬರ್ ಬುಖಾರಾದ ಸೋದರತ್ತೆಯ ಮನೆಗೆ ಹೋಗಿ ತಿಂಗಳು ಬಿಟ್ಟು ಬಂದಳು. ಗೋಡೆಗೆ ಹೊಸ ಸುಣ್ಣ. ಮೊಳೆ ಖಾಲಿ!

"ನಿಮ್ಮ ಉಮೇದ್ ಬಂದಿದ್ದ. ಮೂರೇ ದಿನ ಇದ್ದು ಹೋದ," ಅಂದಳು ಬೀದಿಯ ರೊಟ್ಟಿ ಸುಡುವ ಹೆಂಗಸು.

ಇನ್ನೇನು ಬೇಕು? ಬಂದ. ತಿಂದ. ಹೋದ. ತಾನು ಬರುವವರೆಗೆ ಕಾಯಲೂ ಇಲ್ಲ. ಇನ್ನು ಈ ಊರಿನ ಋಣ ಇಲ್ಲ ಅಂತ ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ? ಸನೋಬರ್ ಫೋನಿನಿಂದ ಅವನ ನಂಬರ್ ಅಳಿಸಿದಳು. ಮನಸ್ಸಿನಿಂದ ಅಳಿಸುವ ಗುಂಡಿ ಎಲ್ಲಿದೆಯೋ, ಅದು ಸಿಗಲಿಲ್ಲ...

ಅಂಗಳದಲ್ಲಿ ಹಿಪ್ಪುನೇರಳೆ ಮರದ ಕೆಳಗೆ ನೂರಾರು ಹಳೇ ವಿದ್ಯಾರ್ಥಿಗಳು. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತ ಅಜ್ಜಂದಿರು. ಮೈಕ್ ಕೈಯಿಂದ ಕೈಗೆ ಹೋಗುತ್ತಿತ್ತು, ನೆನಪು ಕೈಗೊಂದು ಮೊಳ ಬೆಳೆಯುತ್ತಿತ್ತು.

ಒಬ್ಬರ ನೆನಪಿನಲ್ಲಿ ಚಳಿಗಾಲದ ಒಲೆ, ಅದರ ಸುತ್ತ ಒಣಗಲು ಹಾಕಿದ ನಲವತ್ತು ಜೊತೆ ಕಾಲುಚೀಲ. ಇನ್ನೊಬ್ಬರ ನೆನಪಿನಲ್ಲಿ ಎರಡನೇ ಪೀರಿಯಡ್ಡಿಗೆ ಸರಿಯಾಗಿ ಓಣಿಯ ತಂದೂರಿನಿಂದ ಒಳಬರುತ್ತಿದ್ದ ಘಮ. ಆಗ ಮಗ್ಗಿ ನಿಲ್ಲುತ್ತಿತ್ತು, ಹೊಟ್ಟೆ ಶುರುವಾಗುತ್ತಿತ್ತು. ಮರದಿಂದ ಬಿದ್ದೆವು ಅಂದವರೇ ಮೂವತ್ತು ಜನ. ಆ ಮರದಲ್ಲಿ ಎಲೆಗಿಂತ ಹುಡುಗರೇ ಹೆಚ್ಚಿದ್ದರು ಅಂತ ಕಾಣುತ್ತದೆ.

"ಏಳರ ಮಗ್ಗಿ ನಂಗೆ ಇವತ್ತಿಗೂ ಬರಲ್ಲ!" ಅಂದ ಮಾಂಸದಂಗಡಿಯ ಹೋಶಿಮ್.

"ನಿನ್ನ ತಕ್ಕಡಿ ನೋಡಿದಾಗ್ಲೇ ಗೊತ್ತಾಯ್ತು ಕಣೋ!" ಅಂದರು ಯಾರೋ ಹಿಂದಿನಿಂದ.

ಅಂಗಳವೆಲ್ಲ ನಕ್ಕಿತು. ಮೈಕ್ ಉಮೇದನ ಕೈಗೆ ಬಂತು.

"ನಂಗೆ ಈ ಸ್ಕೂಲಲ್ಲಿ ನೆನಪಿರೋದು ಒಂದು ಮೊಳೆ."

"ನಿನ್ನ ತಲೇಲಿ ಇದ್ದಿದ್ದಾ?" ಹೋಶಿಮ್ ಕೂಗಿದ.

ಉಮೇದ್ ನಗಲಿಲ್ಲ.

"ಅಮ್ಮ ಇಲ್ಲದೋನು ಊರು ಬಿಡೋವಾಗ ಅವನ ರೊಟ್ಟಿ ತೂಗುಹಾಕೋಕೆ ಗೋಡೆ ಇರಲ್ಲ. ನಂಗೆ ಈ ಸ್ಕೂಲು ಒಂದು ಗೋಡೆ ಕೊಡ್ತು. ಕಜಾನ್‌ನ ಚಳೀಲಿ, ಹತ್ತು ಜನ ಮಲಗೋ ಕೋಣೇಲಿ, ನಂದೂ ಒಂದು ರೊಟ್ಟಿ ಕಾಯ್ತಾ ಇದೆ ಅಂದ್ಕೊಂಡು ಮಲಗ್ತಿದ್ದೆ. ಎರಡು ವರ್ಷದ ಹಿಂದೆ ಆಗಸ್ಟ್‌ನಲ್ಲಿ ಹೇಳದೆ ಕೇಳದೆ ಓಡಿ ಬಂದೆ. ಸ್ಟೇಷನ್ನಿಂದ ಸೀದಾ ಇಲ್ಲಿಗೇ. ಕಿಟಕಿಯಿಂದ ನೋಡ್ದೆ..." ಅವನ ದನಿ ಇಳಿಯಿತು. "ರೊಟ್ಟಿ ಇರಲಿಲ್ಲ. ತೆಗೆದುಹಾಕಿದ್ರು. ಬರಬೇಡ ಅನ್ನೋಕೆ ಬಾಯೇ ಬೇಕಾ? ಮೂರು ದಿನಕ್ಕೇ ಹೋಗ್ಬಿಟ್ಟೆ."

ಸನೋಬರ್‌ಗೆ ಕಿವಿ ಗುಯ್ಯೆಂದಿತು. ಏನಂದ? ಏನಂದ ಇವನು?

"ಸುಳ್ಳು!"

ನೂರಾರು ತಲೆಗಳು ಒಟ್ಟಿಗೇ ತಿರುಗಿದವು. ತಾನು ಎದ್ದು ನಿಂತಿದ್ದೇನೆ ಅಂತ ಅವಳಿಗೆ ಗೊತ್ತಾದದ್ದೇ ಆಗ.

"ತಿಂದೋನು ನೀನು! ತಿಂದು, ಮುಖಾನೂ ತೋರಿಸದೆ ಹೋದೋನು ನೀನು!"

"ನಾನಾ? ನಾನು ತಿಂದಿದ್ರೆ ಇಲ್ಲೇ ಇರ್ತಿದ್ದೆ ಕಣೇ!"

"ಹಾಗಾದ್ರೆ... ರೊಟ್ಟಿ ಎಲ್ಲಿ?"

ಅಂಗಳದಲ್ಲಿ ಒಂದು ಹಣ್ಣು ಬಿದ್ದರೂ ಕೇಳುವಷ್ಟು ಮೌನ. ಹಣ್ಣು ಬಿತ್ತು ಕೂಡ, ಹೆಡ್ಮಾಸ್ಟರ ಬೋಳು ತಲೆಯ ಮೇಲೆ.

"ಏನ್ರೇ ಅದು ಗಲಾಟೆ? ಮಕ್ಕಳಾಗಿದ್ದಾಗ್ಲೂ ಕಿರುಚಾಟ, ಈಗ್ಲೂ ಕಿರುಚಾಟ!"

ಕೋಲೂರಿಕೊಂಡು ಬಂದವಳು ಬೀಬಿಸೋರಾ, ಊರಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ನಲವತ್ತು ವರ್ಷ ಈ ಸ್ಕೂಲು ಗುಡಿಸಿ, ಗಂಟೆ ಬಾರಿಸಿದ ಮುದುಕಿ. ಎರಡು ವರ್ಷದ ಹಿಂದೆ ಮೊಣಕಾಲಿನ ಆಪರೇಷನ್ನಿಗೆಂದು ತಾಷ್ಕೆಂಟಿನ ಮಗಳ ಮನೆಗೆ ಹೋದವಳು, ಇವತ್ತೇ ರೈಲು ಇಳಿದು ಬಂದಿದ್ದಳು. ಸೊಂಟದಲ್ಲಿ ಬೀಗದ ಕೈಗೊಂಚಲು. ಅವಳ ಜೊತೆಗೇ ಅದೂ ಆಪರೇಷನ್ನಿಗೆ ಹೋಗಿ ಬಂದಿತ್ತು!

"ಬೀರು ತೆಗೀರಿ ಖಾಲಾ, ಗಂಟೆ ಬೇಕು," ಅಂದರು ಕುದ್ರತ್ ಮೇಷ್ಟ್ರು, ತಲೆ ಒರೆಸಿಕೊಳ್ಳುತ್ತಾ.

ಸರ್ಕಾರಿ ಬೀರು ಎರಡು ವರ್ಷದ ನಿದ್ದೆಯಿಂದ ಗೊಣಗುತ್ತಾ ಎದ್ದಿತು. ಒಳಗೆ, ಕರೆಂಟ್ ಗಂಟೆ ಬಂದ ಮೇಲೆ ಯಾರಿಗೂ ಬೇಡವಾಗಿದ್ದ ಹಿತ್ತಾಳೆಯ ಹಳೇ ಗಂಟೆ. ಪಕ್ಕದಲ್ಲಿ ಬಿಳಿ ಬಟ್ಟೆಯ ಗಂಟು.

"ನೋಡು, ಮರೆತೇಬಿಟ್ಟಿದ್ದೆ," ಖಾಲಾ ಹಣೆ ಚಚ್ಚಿಕೊಂಡಳು. "ಸುಣ್ಣ ಹೊಡೆಯೋಕೆ ಇಡೀ ಬೀದಿಯೋರೇ ಸೇರಿದ್ರಲ್ಲ, ಆವತ್ತು ಎತ್ತಿಟ್ಟೆ. ಪ್ರಯಾಣಿಕನ ರೊಟ್ಟಿ ಮೇಲೆ ಸುಣ್ಣ ಸಿಡಿಯಬಾರದು, ಪಾಪ ಬರುತ್ತೆ. ಒಣಗಿದ ಮೇಲೆ ಹಾಕೋಣ ಅಂದ್ಕೊಂಡೆ... ಮಾರನೇ ದಿನವೇ ಕಾಲು ಕೈಕೊಡ್ತು."

ಒಬ್ಬರ ಕಣ್ಣಿಗೆ ಬೆಣ್ಣೆ, ಒಬ್ಬರ ಕಣ್ಣಿಗೆ ಸುಣ್ಣ ಅಂತಾರೆ. ಇಲ್ಲಿ ಇಬ್ಬರ ಕಣ್ಣಿಗೂ ಸುಣ್ಣವೇ ಬಿದ್ದಿತ್ತು.

ಸನೋಬರ್ ಗಂಟು ಬಿಚ್ಚಿದಳು. ಕಲ್ಲಿನಂತೆ ಒಣಗಿದ, ಎಳ್ಳು ಇನ್ನೂ ಅಂಟಿಕೊಂಡಿದ್ದ ದುಂಡು ರೊಟ್ಟಿ. ಅಂಚಿನಲ್ಲಿ ಒಂದೇ ಒಂದು ಕಚ್ಚು. ಅದರ ನಡುವೆ ಮುರುಕು ಹಲ್ಲು ಬಿಟ್ಟುಹೋದ ಪುಟ್ಟ ಏಣು.

ಅವಳು ತೆಗೆದದ್ದಲ್ಲ. ಅವನು ತಿಂದದ್ದೂ ಅಲ್ಲ. ಒಂದು ಫೋನು ಮಾಡಿದ್ದರೆ ಮುಗಿಯುತ್ತಿದ್ದ ಮಾತು. ಎರಡು ವರ್ಷ! ನಾಳೆ ಇಷ್ಟು ಹೊತ್ತಿಗೆ ಇನ್ನೊಂದು ರೊಟ್ಟಿ ಮುರಿದುಹೋಗಿರುತ್ತಿತ್ತು...

"ಯಾಕೆ ಕೇಳಲಿಲ್ಲ ನೀನು?" ಅವಳ ಕಣ್ಣು ತುಂಬಿತು.

"ನೀನು ಯಾಕೆ ಕೇಳಲಿಲ್ಲ?"

"ಇಲ್ಲ ಅಂತೀಯೇನೋ ಅಂತ ಭಯ."

"ನಂಗೂ."

"ಮಂಕುದಿಣ್ಣೆಗಳಾ!" ಖಾಲಾ ಕೋಲು ಕುಟ್ಟಿದಳು. "ಇದೇ ಸ್ಕೂಲಲ್ಲಿ ಕಲಿತಿದ್ದಾ ನೀವು? ಗೊತ್ತಾಗದೆ ಇದ್ರೆ ಕೈಯೆತ್ತಿ ಕೇಳಿ ಅಂತ ಒಂದನೇ ಕ್ಲಾಸಲ್ಲೇ ಹೇಳಿಕೊಡಲಿಲ್ವಾ?"

ಅಂಗಳ ಮತ್ತೆ ನಕ್ಕಿತು. ಕೆಲವರು ನಗುತ್ತಲೇ ಕಣ್ಣು ಒರೆಸಿಕೊಂಡರು. ತಾವು ಕೇಳದೆ ಬಿಟ್ಟ ಯಾವ ಪ್ರಶ್ನೆ ನೆನಪಾಯಿತೋ, ಯಾರಿಗೆ ಗೊತ್ತು!

ಉಮೇದ್ ಮೆಲ್ಲಗೆ, ಬೆಂಚಿನಲ್ಲಿ ಕೂತ ಹುಡುಗನ ಹಾಗೆ, ಕೈಯೆತ್ತಿದ.

"ಟೀಚರ್... ಒಂದು ಪ್ರಶ್ನೆ. ನಾಳೆ ಹಲ್ಲಿನ ಡಾಕ್ಟರ ಮನೆಯೋರು ಬರಲೇಬೇಕಾ?"

ಸನೋಬರ್ ಅವನನ್ನೇ ನೋಡಿದಳು. ಎಂಟು ವರ್ಷದ ಆ ಹುಡುಗ, ಬಾಯಿಯೆಲ್ಲ ರಕ್ತ, ಮುಷ್ಟಿಯಲ್ಲಿ ಮಾತ್ರ ಒಂದೂ ಜಜ್ಜಿಹೋಗದ ಹಣ್ಣು. ಅದೇ ಕಣ್ಣು.

"ಇವತ್ತೇ ಹೋಗಿ ನಾನೇ ಹೇಳ್ತೀನಿ," ಅಂದಳು. "ಅವರದೇನೂ ತಪ್ಪಿಲ್ಲ. ಎದುರು ನಿಂತು ಹೇಳಬೇಕು. ಸುಮ್ಮನಿದ್ದು ಕೆಡಿಸಿದ್ದು ಸಾಕು."

"ಮತ್ತೆ ಅಮ್ಮ? ಹಿಟ್ಟು ಜರಡಿ ಹಿಡಿದಾಗಿದೆ ಅಂದ್ರು ಬೀದೀಲಿ."

"ಹಿಟ್ಟು ಹಾಳಾಗಲ್ಲ. ಬರೋರು ಬದಲಾಗಿದ್ದಾರೆ ಅಂತೀನಿ. ಎರಡು ದಿನ ಬೈತಾಳೆ, ಮೂರನೇ ದಿನ ರೊಟ್ಟಿ ಸುಡ್ತಾಳೆ."

ಖಾಲಾ ಗಂಟೆಯನ್ನು ಇಬ್ಬರ ಕೈಗೂ ಕೊಟ್ಟಳು. ಹಳೇ ಸ್ಕೂಲಿನ ಕೊನೇ ಗಂಟೆ ಓಣಿಯ ಉದ್ದಕ್ಕೂ ಕೇಳಿಸಿತು.

ಜನ ಕರಗಿದ ಮೇಲೆ ಇಬ್ಬರೂ ಎರಡನೇ ಕ್ಲಾಸಿನ ಅದೇ ಬೆಂಚಿನಲ್ಲಿ ಕೂತರು. ನಡುವೆ ಬೋಗುಣಿಯ ತುಂಬ ಬಿಸಿ ಹಸಿರು ಚಹಾ. ಉಮೇದ್ ಒಣ ರೊಟ್ಟಿಯನ್ನು ಅದ್ದಿ ಅದ್ದಿ, ಒಂದು ಚೂರೂ ಉದುರಿಸದೆ ತಿಂದ. ತುಂಬ ಹೊತ್ತು ಹಿಡಿಯಿತು. ಅವಳು ಅವಸರ ಮಾಡಲಿಲ್ಲ.

ಕೊನೆಯ ಚೂರು ಉಳಿಯಿತು. ಅವನು ಅದನ್ನು ಅವಳ ತುಟಿಯ ಬಳಿ ಹಿಡಿದ.

"ಪ್ರಯಾಣಿಕನ ರೊಟ್ಟಿ ಬೇರೆಯವರು ತಿನ್ನೋ ಹಾಗಿಲ್ಲ," ಅಂದಳು.

"ನೀನು ಬೇರೆಯವಳಾ?"

ಸನೋಬರ್ ಚೂರಿನ ಅರ್ಧವನ್ನು ಕಚ್ಚಿಕೊಂಡಳು. ಉಳಿದರ್ಧ ಅವನ ಬೆರಳಲ್ಲೇ ಇತ್ತು. ಅವನು ತಲೆಯೆತ್ತಿ ಗೋಡೆ ನೋಡಿದ.

"ಇದನ್ನ ಆ ಮೊಳೆಗೆ ಹಾಕೋಣ್ವಾ?"

"ಬೇಡ, ತಿನ್ನು," ಅಂದಳು ಸನೋಬರ್, ಅವನ ಹೆಗಲಿಗೆ ತಲೆಯಿಟ್ಟು. "ಯಾರೂ ಎಲ್ಲಿಗೂ ಹೋಗ್ತಿಲ್ಲವಲ್ಲ."